ಅಂಗೈಗೆ ಬಂದ ಬ್ರೌಸರು: ಒಂದು ವಲಸೆಯ ಚರಿತ್ರೆ

ಮೊಬೈಲು ಫೋನಿನಲ್ಲಿ ಅಂತರಜಾಲದ ಪುಟಗಳನ್ನು ನೆಟ್ಟಗೆ ಓದುವುದು 2007ರಲ್ಲಿ ಆ್ಯಪಲ್ ಸಂಸ್ಥೆಯ ಐಫೋನು ಬಂದ ತರುವಾಯವೇ ಸಾಧ್ಯವಾಯಿತೆಂಬ ಮಾತು ಈಗ ರೂಢಿಯಾಗಿಬಿಟ್ಟಿದೆ. ರೂಢಿಯ ಮಾತುಗಳಲ್ಲಿ ಒಂದಂಶ ನಿಜವಿರುವುದುಂಟು, ಇದರಲ್ಲಿಯೂ ಉಂಟು. ಆದರೆ ಚರಿತ್ರೆಯನ್ನು ಒಂದು ಯಂತ್ರದ ಜನ್ಮದಿನದಿಂದ ಎಣಿಸತೊಡಗಿದರೆ ಅದಕ್ಕೆ ಹಿಂದೆ ಸುಮಾರು ಹತ್ತು ವರ್ಷ ನಡೆದ ದುಡಿಮೆಯೂ, ಮುಂದೆ ಐದಾರು ವರ್ಷ ನಡೆದ ಎಡವಾಟಗಳೂ ಕಣ್ಮರೆಯಾಗುತ್ತವೆ. ಮೇಜಿನ ಮೇಲಣ ಗಣಕಯಂತ್ರಕ್ಕೆಂದು ಹುಟ್ಟಿದ ಬ್ರೌಸರು ಅಂಗೈಯಗಲದ ಫೋನಿಗೆ ಹೇಗೆ ಬಂದಿತು, ಬರುವಾಗ ಏನನ್ನು ಬಿಟ್ಟುಬಂದಿತು, ಏನನ್ನು ಬಿಡಲೊಲ್ಲದೆ ಹೊತ್ತು ತಂದು ಕಷ್ಟಪಟ್ಟಿತು ಎಂಬುದನ್ನು ನಾರ್ವೆ ದೇಶದ ಒಪೆರಾ ಮತ್ತು ಮೊಜಿಲ್ಲಾ ಸಂಸ್ಥೆಯ ಫೈರ್‌ಫಾಕ್ಸ್ ಎಂಬೆರಡು ಬ್ರೌಸರುಗಳ ಮೂಲಕ ಪ್ರಕೃತ ಲೇಖನದಲ್ಲಿ ವಿಚಾರಮಾಡಲಾಗಿದೆ.

ಯಂತ್ರಶಾಸ್ತ್ರದ ಈ ವಿಷಯಕ್ಕೂ ಕನ್ನಡ ಸಂಘದ ಪತ್ರಿಕೆಗೂ ಏನು ನಂಟೆಂದು ಕೆಲವರು ಹುಬ್ಬೇರಿಸಬಹುದು. ನಾಡಿನಿಂದ ಹೊರಗೆ ಬಾಳುವವರಿಗೆ ಊರಿನ ಪತ್ರಿಕೆ ಒಂದು ದಿನ ತಡವಾಗಿ, ಕೆಲವೊಮ್ಮೆ ಮೂರು ದಿನ ತಡವಾಗಿ, ಮಡಿಕೆ ಹರಿದು ಬರುತ್ತಿದ್ದ ಕಾಲವನ್ನು ನಮ್ಮಲ್ಲಿ ಅನೇಕರು ಬಲ್ಲರು. ಆ ತಡವನ್ನು ಮೊದಲು ನೀಗಿದುದು ಗಣಕಯಂತ್ರ. ಆದರೆ ಅದು ಕಚೇರಿಯ ಸೊತ್ತು, ಇಲ್ಲವೆ ಮಕ್ಕಳ ಕೋಣೆಯ ಸೊತ್ತು. ಪ್ರತಿಯೊಬ್ಬನ ಜೇಬಿಗೂ ಕನ್ನಡದ ಪುಟ ಬಂದುದು ಫೋನಿನ ಬ್ರೌಸರಿನಿಂದ. ಅದು ಬಂದ ದಾರಿ ನೇರವಾಗಿರಲಿಲ್ಲ.

ಬ್ರೌಸರಿಗೆ ಎರಡು ಅಂಗಗಳಿವೆ. ಪುಟದ ಸಂಕೇತಗಳನ್ನು ಓದಿ, ಅಕ್ಷರವನ್ನೂ ಚಿತ್ರವನ್ನೂ ಎಲ್ಲೆಲ್ಲಿ ಇಡಬೇಕೆಂದು ಲೆಕ್ಕಹಾಕಿ ತೆರೆಯ ಮೇಲೆ ಬರೆಯುವುದು ಒಳಗಿನ ಎಂಜಿನು. ವಿಳಾಸ ಬರೆಯುವ ಪಟ್ಟಿ, ಹಿಂದೆ ಮುಂದೆ ಹೋಗುವ ಗುಂಡಿಗಳು, ಗುರುತಿಟ್ಟ ಪುಟಗಳ ಯಾದಿ, ಇವೆಲ್ಲ ಹೊರಮೈ. ಮೇಜುಗಣಕದ ಕಾಲದಲ್ಲಿ ಇವೆರಡೂ ಕೆಲವು ಸಂಗತಿಗಳನ್ನು ಕೇಳದೆಯೇ ನಂಬಿದ್ದವು: ತೆರೆ ಎಂಟುನೂರೋ ಸಾವಿರವೋ ಪಿಕ್ಸೆಲ್ ಅಗಲವಿರುತ್ತದೆ, ಓದುಗನ ಕೈಯಲ್ಲಿ ಮೌಸಿದೆ, ಅದರ ಬಾಣದ ತುದಿಯನ್ನು ಸಾಸಿವೆಯಷ್ಟು ಜಾಗದಲ್ಲಿ ನಿಲ್ಲಿಸಬಹುದು, ಸ್ಮೃತಿಕೋಶ ಧಾರಾಳವಾಗಿದೆ, ವಿದ್ಯುತ್ತು ಗೋಡೆಯಿಂದ ಬರುತ್ತದೆ. ಪುಟಗಳನ್ನು ರಚಿಸುವವರೂ ಇದನ್ನೇ ನಂಬಿ ಮೂರು ಮೂರು ಅಂಕಣಗಳ, ಕೋಷ್ಟಕದೊಳಗೆ ಕೋಷ್ಟಕವನ್ನಿಟ್ಟ ಪುಟಗಳನ್ನು ಕಟ್ಟಿದರು. ಫೋನಿನಲ್ಲಿ ಇವುಗಳಲ್ಲಿ ಒಂದೂ ನಿಜವಲ್ಲ.

ಮೊದಲ ಪರಿಹಾರವೆಂದು ತೋರಿದ್ದು ಪುಟಗಳನ್ನೇ ಹೊಸದಾಗಿ ಬರೆಯಿಸುವುದು. 1997ರಲ್ಲಿ ಎರಿಕ್‌ಸನ್, ಮೊಟೊರೊಲಾ, ನೋಕಿಯಾ ಮತ್ತು ಅನ್‌ವೈರ್ಡ್ ಪ್ಲಾನೆಟ್ ಸಂಸ್ಥೆಗಳು ಕೂಡಿ ಒಂದು ವೇದಿಕೆ ಕಟ್ಟಿದವು. ಮರುವರ್ಷ ವ್ಯಾಪ್ ಎಂಬ ಕಟ್ಟಳೆ ಹೊರಟಿತು. ಅದಕ್ಕೆ ಬೇರೆಯೇ ಸಂಕೇತಭಾಷೆ. ಪುಟಗಳಿಗೆ ಬದಲು ‘ಕಾರ್ಡು’ಗಳು. ಊರಿನ ಪತ್ರಿಕೆಯನ್ನು ಕೇಳಿದವನಿಗೆ ಜಾತ್ರೆಯ ಕರಪತ್ರವನ್ನು ಕೊಟ್ಟಂತಾಯಿತು. ಜಪಾನಿನಲ್ಲಿ 1999ರ ಫೆಬ್ರುವರಿಯಲ್ಲಿ ತೊಡಗಿದ ಐ-ಮೋಡ್ ಎಂಬ ಸೇವೆ ಬಹುಮಟ್ಟಿಗೆ ಯಶಸ್ವಿಯಾಯಿತೆನ್ನುವುದು ನಿಜ. ಅದು ಮೂಲ ಸಂಕೇತಭಾಷೆಯ ಒಂದು ಕಿರಿದಾದ ರೂಪವನ್ನೇ ಬಳಸಿತೆಂಬುದನ್ನು ಮರೆಯಬಾರದು. ವ್ಯಾಪಿನ ಮೇಲೆ ಹೆಚ್ಚು ಕಾಲ ನಿಲ್ಲುವ ಅಗತ್ಯವಿಲ್ಲ.

ಇದಕ್ಕೆ ಎದುರಾದ ಇನ್ನೊಂದು ವಿಚಾರ ಆಸ್ಲೋ ನಗರದಲ್ಲಿ ಬೆಳೆಯಿತು. ನಾರ್ವೆಯ ದೂರವಾಣಿ ಸಂಸ್ಥೆಯ ಸಂಶೋಧನ ವಿಭಾಗದಲ್ಲಿದ್ದ ಯೋನ್ ಸ್ಟೀಫನ್‌ಸನ್ ಫಾನ್ ಟೆಟ್ಸ್‌ನರ್ ಮತ್ತು ಗೈರ್ ಇವರ್ಸೊಯ್ ಎಂಬಿಬ್ಬರು 1994ರಲ್ಲಿ ಒಂದು ಬ್ರೌಸರನ್ನು ಬರೆಯತೊಡಗಿ, ಮರುವರ್ಷ ತಮ್ಮದೇ ಸಂಸ್ಥೆಯನ್ನು ತೆರೆದರು. ಅದೇ ಒಪೆರಾ. ದೊಡ್ಡ ಸಂಸ್ಥೆಗಳೊಡನೆ ಹೋರಾಡುವ ಚಿಕ್ಕ ಸಂಸ್ಥೆಗೆ ಮಿತವ್ಯಯವೇ ಆಯುಧ. ಅವರ ಬ್ರೌಸರು ಹಳೆಯ, ಬಡ ಯಂತ್ರಗಳಲ್ಲಿಯೂ ಓಡುವಷ್ಟು ಹಗುರವಾಗಿದ್ದಿತು. ಈ ಗುಣ ಮುಂದೆ ಅವರಿಗೆ ಬಹಳ ಒದಗಿತು. 2000ದ ಹೊತ್ತಿಗೆ ಸೈಯಾನ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಗಣಕಗಳಲ್ಲಿ ಒಪೆರಾ ನೆಲೆಸಿದ್ದಿತು. ಆದರೆ ಅವು ಕೀಲಿಮಣೆಯುಳ್ಳ, ಅಗಲ ತೆರೆಯ ಯಂತ್ರಗಳು. ನಿಜವಾದ ಪರೀಕ್ಷೆ ಫೋನು.

2002ರಲ್ಲಿ ಬಂದ ನೋಕಿಯಾ 7650 ಫೋನಿನ ತೆರೆ 176 ಪಿಕ್ಸೆಲ್ ಅಗಲ, 208 ಪಿಕ್ಸೆಲ್ ಎತ್ತರ. ಎಂಟುನೂರು ಪಿಕ್ಸೆಲ್ ಅಗಲದ ಪುಟವನ್ನು ಇದರಲ್ಲಿ ತೆರೆದರೆ ಕಿಟಕಿಯ ಬಿರುಕಿನಿಂದ ಮೆರವಣಿಗೆಯನ್ನು ನೋಡಿದಂತೆ. ಒಂದೊಂದು ಸಾಲಿಗೂ ಬಲಕ್ಕೆ ನಾಲ್ಕು ಸಲ, ಮರಳಿ ಎಡಕ್ಕೆ ನಾಲ್ಕು ಸಲ ಸರಿಯಬೇಕು. ಮೇಲೆ ಕೆಳಗೆ ಸರಿಯುವುದನ್ನು ಓದುಗ ಸಹಿಸುತ್ತಾನೆ, ಅಡ್ಡಕ್ಕೆ ಸರಿಯುವುದನ್ನು ಸಹಿಸುವುದಿಲ್ಲ. ಒಪೆರಾದವರು ಕಂಡುಕೊಂಡ ತಿರುಳು ಇಷ್ಟೇ. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ಪ್ರಕಟಿಸಿದ ‘ಕಿರುತೆರೆ ರೂಪಣ’ವೆಂಬ ಕ್ರಮದಲ್ಲಿ ಎಂಜಿನು ಪುಟದ ಅಂಕಣಗಳನ್ನು ಬಿಚ್ಚಿ ಒಂದರ ಕೆಳಗೊಂದನ್ನು ನಿಲ್ಲಿಸುತ್ತಿದ್ದಿತು, ಅಗಲವಾದ ಚಿತ್ರಗಳನ್ನು ತೆರೆಗೆ ಒಗ್ಗುವಂತೆ ಕುಗ್ಗಿಸುತ್ತಿದ್ದಿತು, ವಿನ್ಯಾಸಕ್ಕಾಗಿಯೇ ಹಾಕಿದ ಕೋಷ್ಟಕಗಳನ್ನು ಕಳಚುತ್ತಿದ್ದಿತು. ಪುಟವನ್ನು ರಚಿಸಿದವನು ಏನನ್ನೂ ತಿದ್ದಬೇಕಾಗಿರಲಿಲ್ಲ. ತಾಳೆಗರಿಯ ಉದ್ದಸಾಲುಗಳನ್ನು ಅಚ್ಚಿನ ಪುಟದ ಕಿರಿಸಾಲುಗಳಿಗೆ ಹೊಂದಿಸಿದ ನಮ್ಮ ಗ್ರಂಥಸಂಪಾದಕರ ಕೆಲಸವನ್ನು ಯಂತ್ರವೊಂದು ಕ್ಷಣದೊಳಗೆ ಮಾಡಿದಂತೆ. ಕುತೂಹಲವುಳ್ಳವರು ಮೇಜುಗಣಕದ ಒಪೆರಾದಲ್ಲಿಯೇ ಶಿಫ್ಟ್ ಮತ್ತು ಎಫ್ 11 ಕೀಲಿಗಳನ್ನು ಒತ್ತಿ, ತಮ್ಮ ಪುಟ ಫೋನಿನಲ್ಲಿ ಹೇಗೆ ಕಂಡೀತೆಂದು ನೋಡಬಹುದಾಗಿದ್ದಿತು.

ಇಲ್ಲಿ ಇನ್ನೊಂದು ಮಾತು. ಒಪೆರಾದಲ್ಲಿ ಮುಖ್ಯ ತಂತ್ರಾಧಿಕಾರಿಯಾಗಿದ್ದ ಹೋಕೊನ್ ವಿಯಂ ಲೀ 1994ರಲ್ಲಿ ಸರ್ನ್ ಸಂಸ್ಥೆಯಲ್ಲಿದ್ದಾಗ ಪುಟದ ವಿಷಯವನ್ನೂ ಅದರ ತೋರ್ಕೆಯನ್ನೂ ಬೇರೆ ಬೇರೆಯಾಗಿಡುವ ಶೈಲಿಸೂತ್ರಗಳನ್ನು, ಎಂದರೆ ಸಿಎಸ್ಎಸ್ ಎಂಬುದನ್ನು, ಮೊದಲು ಸೂಚಿಸಿದವರು. 1998ರ ಎರಡನೆಯ ಆವೃತ್ತಿಯಲ್ಲಿ ಕೈಯಂತ್ರಗಳಿಗೆಂದೇ ಒಂದು ಪ್ರತ್ಯೇಕ ಸೂತ್ರವರ್ಗವನ್ನು ಇಟ್ಟಿದ್ದರು. ಪುಟ ರಚಿಸುವವರು ಅದನ್ನು ಬಹುಮಟ್ಟಿಗೆ ಬಳಸಲೇ ಇಲ್ಲ. ಬಾರದ ಅತಿಥಿಗೆ ಎಲೆ ಹಾಕುವವರು ಯಾರು? ಆದಕಾರಣ ಒಪೆರಾ ಊಹಿಸಿ ಕೆಲಸಮಾಡಬೇಕಾಯಿತು. ಊಹೆ ಕೆಲವೊಮ್ಮೆ ತಪ್ಪುತ್ತಿದ್ದಿತು, ಲೇಖನದ ತಲೆಬರಹಕ್ಕೆ ಮುನ್ನ ಹತ್ತು ಪರದೆಯಷ್ಟು ಕೊಂಡಿಗಳ ಯಾದಿ ಬಂದು ಕೂಡುತ್ತಿದ್ದಿತು.

ಎಂಜಿನು ಎಷ್ಟು ಹಗುರವಾದರೂ ಅಗ್ಗದ ಫೋನುಗಳಿಗೆ ಅದು ಭಾರವೇ. ಅವುಗಳಲ್ಲಿ ಓಡುತ್ತಿದ್ದುದು ಜಾವಾ ಭಾಷೆಯ ಚಿಕ್ಕ ಕ್ರಮವಿಧಿಗಳು ಮಾತ್ರ. ಇದಕ್ಕೆ ಒಪೆರಾ ಹೂಡಿದ ಉಪಾಯ ದಿಟ್ಟತನದ್ದು. ಎಂಜಿನನ್ನು ಫೋನಿಗೆ ತರುವ ಯೋಚನೆಯನ್ನೇ ಬಿಟ್ಟು ಅದನ್ನು ತಮ್ಮ ಸರ್ವರುಗಳಲ್ಲಿ ಇರಿಸಿದರು. ಓದುಗ ವಿಳಾಸವನ್ನು ಬರೆದೊಡನೆ ಸರ್ವರು ಆ ಪುಟವನ್ನು ತರಿಸಿ, ಬಿಡಿಸಿ, ವಿನ್ಯಾಸಗೊಳಿಸಿ, ಅಡಕಮಾಡಿ ಕಳುಹಿಸುತ್ತಿದ್ದಿತು. ಫೋನು ಅದನ್ನು ತೆರೆಯ ಮೇಲೆ ಹರಡಿದರೆ ಸಾಕು. ಪುಟದ ಗಾತ್ರ ಶೇಕಡ 90ರವರೆಗೂ ತಗ್ಗುತ್ತದೆಂದು ಅವರು ಸಾರಿದರು. ಒಪೆರಾ ಮಿನಿ ಎಂಬ ಈ ಬ್ರೌಸರು 2005ರ ಆಗಸ್ಟಿನಲ್ಲಿ ನಾರ್ವೆಯಲ್ಲಿ ಪ್ರಯೋಗಾರ್ಥವಾಗಿಯೂ, 2006ರ ಜನವರಿಯಲ್ಲಿ ಲೋಕಕ್ಕೆಲ್ಲ ಉಚಿತವಾಗಿಯೂ ಹೊರಟಿತು. ಅದೇ ವರ್ಷದ ಮಾರ್ಚಿನಲ್ಲಿ ಇವರ್ಸೊಯ್ ತೀರಿಕೊಂಡರು. ಅವರು ಕಟ್ಟಿಕೊಟ್ಟ ಹಗುರತನದ ಸಂಪ್ರದಾಯ ನಾಲ್ಕಾರು ವರ್ಷಗಳಲ್ಲಿ ಭಾರತ, ಇಂಡೋನೇಷ್ಯಾ, ನೈಜೀರಿಯಾಗಳ ಬಡ ಫೋನುಗಳನ್ನು ಹೊಕ್ಕಿತು.

ಈ ಉಪಾಯದ ಒಂದು ದೋಷವನ್ನು ಮುಚ್ಚಿಡಬಾರದು. ಬ್ಯಾಂಕಿನ ಪುಟವಾಗಲಿ ಖಾಸಗಿ ಪತ್ರವಾಗಲಿ, ಗೂಢಲಿಪಿಯಲ್ಲಿ ಬಂದುದನ್ನು ನಡುವಿನ ಸರ್ವರು ಬಿಚ್ಚಿ, ಪುನಃ ಗೂಢಲಿಪಿಯಲ್ಲಿ ಕಟ್ಟಿ ಕಳುಹಿಸಬೇಕಾಗಿದ್ದಿತು. ಓದುಬರಹ ಬಾರದ ತಾಯಿ ಮಗನ ಕಾಗದವನ್ನು ಅಂಚೆಯವನಿಂದ ಓದಿಸಿಕೊಂಡಂತೆ. ಅಂಚೆಯವನು ಸಜ್ಜನನಿರಬಹುದು, ಆದರೂ ಕಾಗದ ಅವನ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಕನ್ನಡದ ಮಟ್ಟಿಗೆ ಹೇಳುವುದಾದರೆ, ಈ ಸರ್ವರಿನ ದಾರಿಯೇ ನಮಗೆ ಮೊದಲು ತೆರೆದ ಬಾಗಿಲು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ಸಿಕ್ಕಿದ್ದಿತು. ಆದರೆ ಸಂಕೇತಗಳು ಇದ್ದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ‘ರಾಷ್ಟ್ರ’ ಎಂಬ ಎರಡಕ್ಷರದ ಪದ ಗಣಕದ ಸ್ಮೃತಿಯಲ್ಲಿ ಏಳು ಸಂಕೇತಗಳಾಗಿ ಕುಳಿತಿರುತ್ತದೆ. ಒತ್ತಕ್ಷರಗಳನ್ನು ಕೆಳಕ್ಕಿಳಿಸಿ ಜೋಡಿಸುವ ಕೆಲಸ ಬೇರೊಂದು ಕ್ರಮವಿಧಿಯದು. ‘ಸೂರ್ಯ’ ಎಂಬಲ್ಲಿ ರಕಾರ ಸ್ಮೃತಿಯಲ್ಲಿ ಯಕಾರಕ್ಕೆ ಮೊದಲು ನಿಂತು, ತೆರೆಯ ಮೇಲೆ ಅರ್ಕಾವತ್ತಾಗಿ ಅದರ ಬಲಕ್ಕೆ ಹೋಗಬೇಕು. ಅಂದಿನ ಹೆಚ್ಚಿನ ಫೋನುಗಳಿಗೆ ಈ ವಿದ್ಯೆ ತಿಳಿಯದು. ಅಕ್ಷರರೂಪಗಳು ಇಲ್ಲದ ಫೋನಿನಲ್ಲಿ ಚೌಕಗಳ ಸಾಲು. ಇದ್ದ ಫೋನಿನಲ್ಲಿ ಒತ್ತು, ಕೊಂಬು, ತಲೆಕಟ್ಟುಗಳು ಚೆಲ್ಲಾಪಿಲ್ಲಿ.

ನಾನು ಮುಂಬಯಿಯಲ್ಲಿ ಇಂಥದೊಂದು ಫೋನನ್ನು ಎರಡು ವರ್ಷ ಇಟ್ಟುಕೊಂಡಿದ್ದೆ. ಊರಿನ ಪತ್ರಿಕೆಯ ತಾಣವನ್ನು ತೆರೆದರೆ ಚೌಕಗಳು, ನಡುನಡುವೆ ಅಂಕಿಗಳು, ಒಂದೆರಡು ಚಿತ್ರಗಳು. ಯಾರೋ ಮಹನೀಯರು ಹಾರ ಹಾಕಿಸಿಕೊಂಡುದು ತಿಳಿಯುತ್ತಿದ್ದಿತೇ ಹೊರತು ಅದು ಸನ್ಮಾನವೋ ಶ್ರದ್ಧಾಂಜಲಿಯೋ ತಿಳಿಯುತ್ತಿರಲಿಲ್ಲ. ಮಾಟುಂಗದ ಕಡೆಗೆ ಹೋಗುವ ಲೋಕಲ್ ಗಾಡಿಯಲ್ಲಿ ಗೆಳೆಯರೊಬ್ಬರು ಫೋನನ್ನು ಈಸಿಕೊಂಡು, ಒಪೆರಾ ಮಿನಿಯ ವಿಳಾಸಪಟ್ಟಿಯಲ್ಲಿ ‘ಕಾನ್ಫಿಗ್’ ಎಂಬ ಆಂಗ್ಲ ಪದವನ್ನು ಅದರ ಮುಂದೆ ಎರಡು ಚುಕ್ಕೆಗಳೊಡನೆ ಬರೆದು, ತೆರೆದ ಪುಟದಲ್ಲಿ ಸಂಕೀರ್ಣ ಲಿಪಿಗಳನ್ನು ಚಿತ್ರರೂಪದಲ್ಲಿ ತೋರಿಸೆಂಬ ಒಂದು ಆಯ್ಕೆಯನ್ನು ‘ಹೌದು’ ಎಂದು ತಿದ್ದಿ ಮರಳಿಸಿದರು. ಮುಂದಿನ ನಿಲ್ದಾಣ ಬರುವಷ್ಟರಲ್ಲಿ ತಲೆಬರಹಗಳು ಅಚ್ಚುಕಟ್ಟಾದ ಕನ್ನಡದಲ್ಲಿ ಇಳಿದವು. ಸರ್ವರು ತನ್ನಲ್ಲಿದ್ದ ಅಕ್ಷರರೂಪಗಳಿಂದ ಪದಗಳನ್ನು ಚಿತ್ರಗಳಾಗಿ ಬರೆದು ಕಳುಹಿಸುತ್ತಿದ್ದಿತು. ಫೋನಿಗೆ ಅದು ಕನ್ನಡವೆಂಬುದೇ ಗೊತ್ತಿರಲಿಲ್ಲ. ಪುಟ ಭಾರವಾಗುತ್ತಿದ್ದಿತು, ಒಂದು ಸಾಲನ್ನು ನಕಲುಮಾಡಿ ಯಾರಿಗಾದರೂ ಕಳುಹಿಸೋಣವೆಂದರೆ ಆಗುತ್ತಿರಲಿಲ್ಲ. ಆದರೂ ಆ ಸಂಜೆ ನಾನು ಇಳಿಯಬೇಕಾದ ನಿಲ್ದಾಣವನ್ನು ದಾಟಿ ಹೋಗಿದ್ದೆ. ಹೊರನಾಡಿನ ಕನ್ನಡಿಗರಲ್ಲಿ ಈ ಆಯ್ಕೆಯ ಗುಟ್ಟು ಬಾಯಿಂದ ಬಾಯಿಗೆ ಹರಡಿತೆಂಬುದನ್ನು ದಾಖಲಿಸಿಡುವುದು ಯುಕ್ತ. ಇಂಥ ಸಂಗತಿಗಳು ಯಂತ್ರಶಾಸ್ತ್ರದ ಇತಿಹಾಸಗಳಲ್ಲಿ ಸೇರುವುದಿಲ್ಲ.

ಇನ್ನು ಐಫೋನು. 2007ರ ಜೂನ್ ತಿಂಗಳಲ್ಲಿ ಮಾರಾಟಕ್ಕೆ ಬಂದ ಆ ಫೋನಿನ ತೆರೆ 320 ಪಿಕ್ಸೆಲ್ ಅಗಲ, 480 ಎತ್ತರ. ಅದರ ಬ್ರೌಸರು ಪುಟವನ್ನು ಬಿಚ್ಚಿ ಜೋಡಿಸುವ ಗೋಜಿಗೆ ಹೋಗಲಿಲ್ಲ. ತನ್ನ ತೆರೆ 980 ಪಿಕ್ಸೆಲ್ ಅಗಲವಿದೆಯೆಂದು ಪುಟಕ್ಕೆ ಸುಳ್ಳು ಹೇಳಿ, ಇಡೀ ಪುಟವನ್ನು ವಿನ್ಯಾಸಗೊಳಿಸಿ, ಕುಗ್ಗಿಸಿ ತೋರಿಸಿತು. ಓದಬೇಕಾದ ಅಂಕಣದ ಮೇಲೆ ಎರಡು ಸಲ ಬೆರಳಿನಿಂದ ತಟ್ಟಿದರೆ ಅದು ಹಿಗ್ಗಿ ತೆರೆಯನ್ನು ತುಂಬುತ್ತಿದ್ದಿತು. ಕೈಯಂತ್ರಗಳಿಗೆಂದು ಇಟ್ಟಿದ್ದ ಶೈಲಿಸೂತ್ರಗಳನ್ನು ಅದು ಲೆಕ್ಕಿಸಲಿಲ್ಲ. ತಾನೂ ಮೇಜುಗಣಕವೇ ಎಂಬ ಗತ್ತು. ಈ ಗತ್ತಿಗೆ ಒಂದು ಬೆಲೆ ಇದ್ದಿತು: ಓದುಗ ಒಂದು ಸಲ ತಟ್ಟಿದಾಗ ಎರಡನೆಯ ತಟ್ಟು ಬರುವುದೋ ಏನೋ ಎಂದು ಬ್ರೌಸರು ಸೆಕೆಂಡಿನ ಮೂರರಲ್ಲೊಂದು ಭಾಗದಷ್ಟು ಕಾಲ ಕಾದು ನಿಲ್ಲುತ್ತಿದ್ದಿತು, ಆ ತಡವನ್ನು ನೀಗಲು ಪುಟ ರಚಿಸುವವರು ವರ್ಷಗಟ್ಟಲೆ ಹೆಣಗಿದರು. ಹಿಗ್ಗಿಸಿ ಕುಗ್ಗಿಸುವುದೇನೂ ಐಫೋನಿನ ಏಕಸ್ವಾಮ್ಯವಲ್ಲ. 2007ರ ನವೆಂಬರಿನಲ್ಲಿ ಬಂದ ಒಪೆರಾ ಮಿನಿಯ ನಾಲ್ಕನೆಯ ಆವೃತ್ತಿ ಜಾವಾ ಫೋನುಗಳಲ್ಲಿಯೇ ಪುಟದ ಕಿರುನಕ್ಷೆಯನ್ನು ತೋರಿಸಿ ಬೇಕಾದೆಡೆಗೆ ಹಾರಲು ಬಿಟ್ಟಿತು. ಬೆರಳಿಗೆ ಅಂಟಿದಂತೆ ಪುಟ ಸರಿಯುವ ಆ ನಯ ಮಾತ್ರ ಆ್ಯಪಲಿನದೇ. ಆ ಮನ್ನಣೆಯನ್ನು ಕೊಡಲು ನನಗೆ ಸಂಕೋಚವಿಲ್ಲ.

ಮೇಜುಗಣಕದ ಬ್ರೌಸರನ್ನು ಬುಡಸಮೇತ ಕಿತ್ತು ಫೋನಿನಲ್ಲಿ ನೆಡಲು ಹೊರಟವರು ಮೊಜಿಲ್ಲಾದವರು. ಮಿನಿಮೊ ಎಂಬ ಅವರ ಮೊದಲ ಯತ್ನ 2007ರ ಹೊತ್ತಿಗೆ ನಿಂತುಹೋಯಿತು. ಮರುವರ್ಷದ ಅಕ್ಟೋಬರಿನಲ್ಲಿ ಹೊಸ ಯತ್ನದ ಮೊದಲ ಕರಡು ನೋಕಿಯಾ ಎನ್810 ಎಂಬ ಕೈಗಣಕಕ್ಕಾಗಿ ಹೊರಬಿದ್ದಿತು. ಅದಕ್ಕಿಟ್ಟ ಸಂಕೇತನಾಮ ಫೆನೆಕ್. ಸಹಾರಾ ಮರುಭೂಮಿಯ, ದೊಡ್ಡ ಕಿವಿಗಳ, ಗೇಣುದ್ದದ ನರಿಯ ಹೆಸರು. ಹೆಸರು ಚಿಕ್ಕದು, ಹೊರೆ ಚಿಕ್ಕದಾಗಿರಲಿಲ್ಲ. ಗೆಕೊ ಎಂಬ ಅವರ ಎಂಜಿನು ಪೂರ್ಣವಾಗಿ ಬಂದಿತು. ಅದರ ಜೊತೆಗೆ ಹೊರಮೈಯೂ ಬಂದಿತು. ಮೊಜಿಲ್ಲಾದ ಹೊರಮೈಯ ರಚನೆಯೇ ವಿಶಿಷ್ಟ: ಗುಂಡಿ, ಪಟ್ಟಿ, ಯಾದಿಗಳೆಲ್ಲವನ್ನೂ ಜೂಲ್ ಎಂಬ ಸಂಕೇತಭಾಷೆಯಲ್ಲಿ ಬರೆದು, ಪುಟಗಳನ್ನು ಬರೆಯುವ ಆ ಎಂಜಿನಿನಿಂದಲೇ ಅವನ್ನೂ ಬರೆಯಿಸುತ್ತಿದ್ದರು. ಹೊರಗಿನವರು ಬರೆದ ಸೇರ್ಪಡೆಗಳು ಬ್ರೌಸರಿನ ಯಾವ ಮೂಲೆಯನ್ನಾದರೂ ತಿದ್ದಬಹುದಾಗಿದ್ದುದು ಇದರಿಂದಲೇ. ಮೇಜುಗಣಕದಲ್ಲಿ ಇದು ವರವಾಗಿದ್ದಿತು.

2010ರ ಜನವರಿ 28ರಂದು ನೋಕಿಯಾ ಎನ್900 ಫೋನಿಗೆ ಮೊದಲ ಆವೃತ್ತಿ ಬಂದಿತು. ಆ ಫೋನಿನ ತೆರೆ 800 ಪಿಕ್ಸೆಲ್ ಅಗಲ, 480 ಎತ್ತರ. ಸ್ಮೃತಿ 256 ಮೆಗಾಬೈಟು. ವಿನ್ಯಾಸದಲ್ಲಿ ಜಾಣ್ಮೆಗೆ ಕೊರತೆಯಿರಲಿಲ್ಲ. ತೆರೆಯನ್ನೆಲ್ಲ ಪುಟಕ್ಕೆ ಬಿಟ್ಟುಕೊಟ್ಟು, ಪುಟವನ್ನು ಬಲಕ್ಕೆ ಸರಿಸಿದರೆ ತೆರೆದಿಟ್ಟ ಪುಟಗಳ ಸಾಲೂ, ಎಡಕ್ಕೆ ಸರಿಸಿದರೆ ಗುಂಡಿಗಳೂ ಕಾಣುವಂತೆ ಮಾಡಿದ್ದರು. ಮನೆಯ ಗಣಕದಲ್ಲಿ ಗುರುತಿಟ್ಟುದನ್ನು ಫೋನಿನಲ್ಲಿ ಮುಂದುವರಿಸುವ ಅನುಕೂಲವೂ ಇದ್ದಿತು. ಆದರೆ ಎನ್900 ಕೊಂಡವರು ಎಷ್ಟು ಮಂದಿ? ಜನ ಆಂಡ್ರಾಯ್ಡಿನ ಕಡೆಗೆ ಹರಿಯುತ್ತಿದ್ದರು. 2011ರ ಮಾರ್ಚ್ 29ರಂದು ಫೈರ್‌ಫಾಕ್ಸ್ 4 ಆಂಡ್ರಾಯ್ಡಿಗೆ ಬಂದಾಗ ಹೊರೆಯ ತೂಕ ಗೊತ್ತಾಯಿತು. ವಿಳಾಸಪಟ್ಟಿಯೊಂದನ್ನು ತೋರಿಸಬೇಕಾದರೂ ಎಂಜಿನು ಪೂರ್ತಿಯಾಗಿ ಎದ್ದು ಕೂಡಬೇಕು. ಅಷ್ಟರಲ್ಲಿ ಫೋನಿನೊಡನೆ ಬಂದ ಬ್ರೌಸರಿನಲ್ಲಿ ಓದುಗ ಅರ್ಧ ಪುಟ ಓದಿ ಮುಗಿಸಿರುತ್ತಿದ್ದ. ಸ್ಮೃತಿಯ ಬೆಲೆಯೂ ಹೆಚ್ಚು. ಸ್ವಲ್ಪ ಮರೆಯಾದರೆ ಆಂಡ್ರಾಯ್ಡು ಅದನ್ನು ಮುಚ್ಚಿಬಿಡುತ್ತಿದ್ದಿತು, ಮರಳಿ ಬಂದರೆ ಮತ್ತೆ ಮೊದಲಿನಿಂದ. ಊರಿನ ತೊಟ್ಟಿಮನೆಯಿಂದ ಮುಂಬಯಿಯ ಚಾಳಿನ ಖೋಲಿಗೆ ಬರುವವನು ಹಂಡೆ, ಕೊಪ್ಪರಿಗೆ, ತೂಗುಮಣೆಗಳನ್ನೆಲ್ಲ ಹೊತ್ತು ತಂದರೆ ಮಲಗಲು ಜಾಗವೆಲ್ಲಿ? ನಮ್ಮ ಹಿರಿಯರು ಕಂಡು ಉಂಡ ಕಷ್ಟವಿದು.

2011ರ ಅಕ್ಟೋಬರಿನಲ್ಲಿ ಮೊಜಿಲ್ಲಾದವರು ಹೊರಮೈಯನ್ನು ಕಳಚಿಹಾಕಲು ನಿಶ್ಚಯಿಸಿದರು. ಗುಂಡಿ, ಪಟ್ಟಿ, ಯಾದಿಗಳನ್ನು ಆಂಡ್ರಾಯ್ಡಿನ ಸ್ವಂತ ಸಾಮಗ್ರಿಯಿಂದಲೇ ಕಟ್ಟುವುದು, ಗೆಕೊ ಎಂಜಿನನ್ನು ಮಾತ್ರ ಒಳಗೆ ಉಳಿಸಿಕೊಳ್ಳುವುದು. ಮೂರು ವರ್ಷದ ಕೆಲಸದಲ್ಲಿ ಬಹುಭಾಗ ವ್ಯರ್ಥವಾಗುವುದು ಅವರಿಗೆ ಗೊತ್ತಿದ್ದಿತು. ಜೂಲ್ ಭಾಷೆಯ ಹೊರಮೈಯನ್ನು ನೆಚ್ಚಿದ್ದ ಸೇರ್ಪಡೆಗಳು ಓಡುವುದಿಲ್ಲವೆಂಬುದೂ ಗೊತ್ತಿದ್ದಿತು. 2012ರ ಜೂನ್ 26ರಂದು ಹೊಸ ಬ್ರೌಸರು ಹೊರಟಿತು. ಕ್ಷಣದಲ್ಲಿ ಏಳುತ್ತಿದ್ದಿತು, ಪುಟ ಬೆರಳಿನೊಡನೆ ಸರಿಯುತ್ತಿದ್ದಿತು. ಅಗಲವಾದ ಅಂಕಣಗಳಲ್ಲಿ ಅಕ್ಷರಗಳನ್ನಷ್ಟೇ ಹಿಗ್ಗಿಸಿ ಓದಲು ಬರುವಂತೆ ಮಾಡುವ ಒಂದು ಏರ್ಪಾಡೂ ಅದರಲ್ಲಿದ್ದಿತು. ಹತ್ತು ವರ್ಷದ ಹಿಂದಿನ ನಾರ್ವೆಯ ಚಿಂತೆ ಬೇರೊಂದು ವೇಷದಲ್ಲಿ ಮರಳಿ ಬಂದಂತೆ. ಐಫೋನಿನ ಮೂಲಕ ಬರೆಯುವ ಇತಿಹಾಸದಲ್ಲಿ ಈ ಸೋಲು ಕಾಣುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ವಿಷಯವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ಇನ್ನೊಂದಿಲ್ಲ: ಒಪೆರಾ ಮಿನಿ ಎಂಜಿನನ್ನು ಊರಿನಲ್ಲಿಯೇ ಬಿಟ್ಟು ಹೊರಮೈಯನ್ನು ಮಾತ್ರ ತಂದಿತು, ಫೆನೆಕ್ ಎರಡನ್ನೂ ತಂದು ಕಡೆಗೆ ಹೊರಮೈಯನ್ನು ಬಿಟ್ಟಿತು.

ಇದಾದ ಮರುತಿಂಗಳೇ, 2012ರ ಜುಲೈಯಲ್ಲಿ, ಆಂಡ್ರಾಯ್ಡಿನ 4.1ನೆಯ ಆವೃತ್ತಿ ಕನ್ನಡ, ತೆಲುಗು, ಮಲಯಾಳ ಲಿಪಿಗಳನ್ನು ಒಳಗೊಂಡು ಬಂದಿತು. ಆಂಡ್ರಾಯ್ಡಿನಲ್ಲಿಯೂ ಫೈರ್‌ಫಾಕ್ಸಿನಲ್ಲಿಯೂ ಇಂದು ಒತ್ತಕ್ಷರಗಳನ್ನು ಜೋಡಿಸುವ ಕೆಲಸ ಹಾರ್ಫ್‌ಬಾಜ್ ಎಂಬ ಒಂದೇ ಕ್ರಮವಿಧಿಯದು. ಅದನ್ನು ಬೆಳೆಸಿದವರು ಇರಾನಿನಲ್ಲಿ ಹುಟ್ಟಿದ ಬೆಹ್ದಾದ್ ಎಸ್ಫಹ್ಬೋದ್. ಹೆಸರು ಫಾರಸಿ ಪದಗಳಿಂದಾದುದು, ‘ತೆರೆದ ಅಕ್ಷರ’ವೆಂದು ಅರ್ಥ. ಕನ್ನಡದ ಅರ್ಕಾವತ್ತು ತನ್ನ ಸ್ಥಾನಕ್ಕೆ ಹೋಗಿ ಕೂಡುವುದು ಈಗ ಒಬ್ಬ ಪಾರಸಿಕ ಅಕ್ಷರಪ್ರೇಮಿಯ ಕೃಪೆಯಿಂದ. ಹಳೆಯ ಫೋನುಗಳವರು ಇನ್ನೂ ಕೆಲವು ವರ್ಷ ಒಪೆರಾ ಮಿನಿಯ ಚಿತ್ರಾಕ್ಷರಗಳಲ್ಲಿಯೇ ಓದಿಕೊಂಡಿದ್ದರು.

ಉಳಿದುದನ್ನು ಬೇಗ ಹೇಳಬಹುದು. ಐಫೋನಿನಲ್ಲಿ ಪರರ ಎಂಜಿನಿಗೆ ಆ್ಯಪಲ್ ಅನುಮತಿ ಕೊಡಲಿಲ್ಲ. ವಿನೋದವೆಂದರೆ ಒಪೆರಾ ಮಿನಿ 2010ರ ಏಪ್ರಿಲಿನಲ್ಲಿ ಅಲ್ಲಿಯೂ ಸೇರಿತು. ಅದರ ಎಂಜಿನು ಫೋನಿನೊಳಗೆ ಇರಲಿಲ್ಲವಲ್ಲ! ಫೈರ್‌ಫಾಕ್ಸ್ 2015ರ ನವೆಂಬರಿನಲ್ಲಿ ಐಫೋನಿಗೆ ಬಂದಾಗ ಹೆಸರೂ ಹೊರಮೈಯೂ ತನ್ನವು, ಎಂಜಿನು ಆ್ಯಪಲಿನದು. ಯೂರೋಪಿನ ಒಕ್ಕೂಟದಲ್ಲಿ 2024ರಿಂದ ಈ ಕಟ್ಟು ಸಡಿಲವಾಗಿದೆ. ಒಪೆರಾ 2013ರ ಫೆಬ್ರುವರಿಯಲ್ಲಿ, ತನ್ನ ಬಳಕೆದಾರರು 30 ಕೋಟಿ ಆದರೆಂದು ಸಾರಿದ ದಿನವೇ, ತನ್ನ ಸ್ವಂತ ಎಂಜಿನನ್ನು ಬಿಟ್ಟು ಗೂಗಲ್ ಬಳಸುತ್ತಿದ್ದ ಎಂಜಿನನ್ನು ಹಿಡಿಯುವುದಾಗಿ ತಿಳಿಸಿತು. ಟೆಟ್ಸ್‌ನರ್ ಅದಕ್ಕೆ ಎರಡು ವರ್ಷ ಮುಂಚೆಯೇ ಸಂಸ್ಥೆಯನ್ನು ತೊರೆದಿದ್ದರು. ಕೈಯಂತ್ರಗಳಿಗೆಂದು ಪ್ರತ್ಯೇಕ ಸೂತ್ರವರ್ಗವಿಡುವ ಹಳೆಯ ಕಲ್ಪನೆ ಹಿಂದೆ ಸರಿದು, ತೆರೆಯ ಅಗಲವನ್ನು ಪುಟವೇ ವಿಚಾರಿಸಿಕೊಳ್ಳುವ ಸೂತ್ರಗಳು 2012ರಲ್ಲಿ ಅಧಿಕೃತವಾದವು. ಅವುಗಳ ಮೊದಲ ಕರಡು 2001ರದು.

ಮೊಜಿಲ್ಲಾ 2020ರ ಆಗಸ್ಟಿನಲ್ಲಿ ಆಂಡ್ರಾಯ್ಡಿನ ತನ್ನ ಬ್ರೌಸರನ್ನು ಇನ್ನೊಮ್ಮೆ ಬುಡದಿಂದ ಕಟ್ಟಿತು. ಎಂಜಿನು ಗೆಕೊ, ಹೊರಮೈ ಪೂರ್ಣವಾಗಿ ಹೊಸತು. ಆಗ ಮತ್ತೆ ಸೇರ್ಪಡೆಗಳಲ್ಲಿ ಬಹುಭಾಗ ಕೈಬಿಟ್ಟುಹೋದವು, ಹಳೆಯ ಬಳಕೆದಾರರು ಬಹಳವಾಗಿ ಗೊಣಗಿದರು. ಅವುಗಳಿಗೆ ಬಾಗಿಲು ಪುನಃ ಪೂರ್ಣವಾಗಿ ತೆರೆದುದು 2023ರ ಡಿಸೆಂಬರಿನಲ್ಲಿ.